ಹಾಸ್ಯ ಬರೆದು ಬದುಕಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬದಿಯಡ್ಕ:
ಕಾಲೇಜಿನಲ್ಲಿ ಸ್ಕಿಟ್ ಬರೆಯುತ್ತಿದ್ದೆ. ಈಗ ಹಗಲು ಟ್ಯೂಷನ್, ರಾತ್ರಿ ಹಾಸ್ಯ. ಸಿನಿಮಾ, ಟಿವಿ ಎರಡಕ್ಕೂ ಬರೆಯುವ ಆಸೆ. ಬೆಂಗಳೂರಿಗೆ ಹೋಗಲೇಬೇಕಾ? ದುಡ್ಡು ಹೇಗೆ ಬರುತ್ತದೆ?

ಉಪ್ಪಳದಿಂದ:
ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಟಿವಿಗೆ ಬರೆದೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ನಾವು ತುಂಬಬೇಕಾದ್ದು ಸುಮಾರು 22 ನಿಮಿಷ. ಕಡಿಮೆ ಅಲ್ವಾ? ವಾರಕ್ಕೆ ಐದು ಸಲ ತುಂಬಿ ನೋಡಿ. ಒಮ್ಮೆ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಮಾವನ ಪಾತ್ರದವರಿಗೆ ಜ್ವರ, ಅವರ ಡೈಲಾಗನ್ನೆಲ್ಲ ಅಡುಗೆಯವಳಿಗೆ ಕೊಡಿ ಅಂದರು. ಸುಮ್ನೆ ಹೆಸರು ಬದಲಿಸಿ ಕಳಿಸಿದೆ. ಸೆಟ್‌ನಲ್ಲಿ ಒಬ್ಬರೂ ನಗಲಿಲ್ಲ. ಮಾವ ಗದರುವ ಮಾತನ್ನು ಅವಳು ಪಾತ್ರೆ ತಿಕ್ಕುತ್ತಾ ಗೊಣಗಬೇಕಿತ್ತು. ಅಲ್ಲೇ ಕೂತು ಪೂರ್ತಿ ತಿರುಗಿ ಬರೆದೆ.

ಇನ್ನೊಂದು ತಲೆನೋವು ನಮ್ಮ ಭಾಷೆ. ಕಾಸರಗೋಡಿನವ ಅಂದ ಕೂಡಲೇ ಎಲ್ಲ ಪಾತ್ರದ ಬಾಯಿಗೂ ‘ಎಂತ ಮಾರಾಯ’ ತುರುಕಿಸುತ್ತಾರೆ. ಅದು ಅಣಕ. ರಿಷಬ್ ಶೆಟ್ಟಿಯವರ 2018ರ ಕಾಸರಗೋಡು ಶಾಲೆಯ ಸಿನಿಮಾ ನೋಡಿ. ಕನ್ನಡ ಶಾಲೆಗೆ ಮಲಯಾಳಂ ಮೇಷ್ಟ್ರು ಬಂದ ಪೇಚಿನಲ್ಲೇ ನಗು ಇದೆ, ಉಚ್ಚಾರದಲ್ಲಿ ಅಲ್ಲ.

ದುಡ್ಡು? ನನಗೆ ಟಿವಿಯಲ್ಲಿ ಎಪಿಸೋಡ್ ಲೆಕ್ಕ, ಸಿನಿಮಾದಲ್ಲಿ ಕಂತಿನ ಲೆಕ್ಕ. ಒಂದು ಸಿನಿಮಾದ ಕೊನೆ ಕಂತು ಇನ್ನೂ ಬಂದಿಲ್ಲ. ಟೈಟಲ್ ಕಾರ್ಡಿನಲ್ಲಿ ‘ಸಹಕಾರ’ ಅಂತ ಹೆಸರು ಬಂತು.

ಮಂಜೇಶ್ವರದಿಂದ:
ಕತೆ ಹೇಳುವ ಮೊದಲು ಬರೆದಿಡಿ. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಬರೆದ ರೂಪಕ್ಕೆ ಮಾತ್ರ. ಸ್ಕ್ರಿಪ್ಟನ್ನು ಸಾಹಿತ್ಯ ಕೃತಿ ಅಂತ ಆನ್‌ಲೈನಿನಲ್ಲಿ ನೋಂದಾಯಿಸಬಹುದು. 500 ರೂಪಾಯಿ ಶುಲ್ಕ, ಆಕ್ಷೇಪಣೆಗೆ 30 ದಿನ.

ಕುಂಬಳೆಯಿಂದ:
ನಾನು ಸಿನಿಮಾದವನಲ್ಲ ತಮ್ಮಾ, ತಾಳಮದ್ದಳೆಯವ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ. ಹಾಸ್ಯಗಾರನ ಮಾತು ಅಲ್ಲೇ, ಎದುರಿನವರ ಮಾತಿನಿಂದ ಹುಟ್ಟಬೇಕು. ಒಮ್ಮೆ ನಾನು ನಾಲ್ಕು ಜೋಕು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಒಂದಕ್ಕೂ ಯಾರೂ ನಗಲಿಲ್ಲ. ಚೀಟಿ ಫ್ಯಾನ್ ಗಾಳಿಗೆ ಹಾರಿ ಭಾಗವತರ ಮಡಿಲಿಗೆ ಬಿತ್ತು ನೋಡು, ಸಭೆಯೇ ಬಿದ್ದು ನಕ್ಕಿತು. ಅವರು ಅದನ್ನು ಓದಿಯೂ ಬಿಟ್ಟರು!

ಬೆಂಗಳೂರು ಆಮೇಲೆ ಇರಲಿ. ಮಂಗಳೂರಿಗೆ ಇಲ್ಲಿಂದ ರೈಲಿದೆ, ಅಲ್ಲಿ ತುಳು ನಾಟಕ ತಂಡಗಳಿವೆ. 2011ರಲ್ಲಿ ಬಂದ ‘ಒರಿಯರ್ದೊರಿ ಅಸಲ್’ ಸಿನಿಮಾ ಮೊದಲು ನಾಟಕವೇ ಆಗಿತ್ತು. ಯಾವ ಮಾತಿಗೆ ಜನ ನಗುತ್ತಾರೆ ಅಂತ ನಾಟಕದವರಿಗೆ ಅವತ್ತೇ ಗೊತ್ತಾಗುತ್ತದೆ. ನಿನಗೆ ತುಳು ಬರುತ್ತದಲ್ಲ?

ಕೇಳಿದವರು, ಬದಿಯಡ್ಕ:
ಬರುತ್ತದೆ ಅಣ್ಣ. ಭಾನುವಾರ ಟ್ಯೂಷನ್ ಇಲ್ಲ, ರಿಹರ್ಸಲ್ ನೋಡಲು ಹೋಗುತ್ತೇನೆ. ಉಪ್ಪಳದವರೇ, ಆ ಬಾಕಿ ಕಂತು ಕೇಳಲಿಲ್ವಾ?

ಉಪ್ಪಳದಿಂದ:
ಕೇಳಿದೆ. ಕೂರಿಸಿ, ಚಹಾ ಕೊಟ್ಟು, ಮುಂದಿನ ಸಿನಿಮಾದ ಕತೆ ಹೇಳಿದರು. ಕಾಮಿಡಿ ಟ್ರ್ಯಾಕ್ ನಾನೇ ಬರೆಯಬೇಕಂತೆ.