ಸಹಾಯ ಬೇಕು: ಹಲವು ಸಲ ಡಯಟ್ ಮಾಡಿ ಬಿಟ್ಟವರು ಮತ್ತೆ ಸೇರಿದರೆ ತೂಕ ಇಳಿಯುತ್ತಾ?

ಎಲ್ಲರಿಗೂ ನಮಸ್ಕಾರ. ನಾವು ಕೋಲಾರದವರು. ನಮ್ಮ ಅಕ್ಕ ತೂಕ ಇಳಿಸುವ ಕೋರ್ಸ್‌ಗೆ ಸೇರಬೇಕು ಅಂತಿದ್ದಾಳೆ. ಫಾರಂನಲ್ಲಿ "ಈ ಹಿಂದೆ ಎಷ್ಟು ಸಲ ಡಯಟ್ ಮಾಡಿದ್ದೀರಿ?" ಅಂತ ಕೇಳಿದ್ದಾರೆ. ಅದನ್ನು ನೋಡಿಯೇ ಅವಳಿಗೆ ಅರ್ಧ ಧೈರ್ಯ ಹೋಯಿತು. ಕೀಟೋ, ಬರೀ ಹಣ್ಣು, ರಾತ್ರಿ ಬರೀ ಸೌತೆಕಾಯಿ, ಎಲ್ಲ ಆಗಿದೆ. ಇಳಿಯುತ್ತದೆ, ಮತ್ತೆ ಏರುತ್ತದೆ.

ನಾನು ಸ್ವಲ್ಪ ಓದಿ ನೋಡಿದೆ. ಹಳೆಯ ಸಂಶೋಧನೆಗಳನ್ನು ಒಟ್ಟಿಗೆ ನೋಡಿದ 2005ರ ಒಂದು ಲೇಖನದ ಪ್ರಕಾರ, ಹಿಂದೆ ಕಡಿಮೆ ಸಲ ಡಯಟ್ ಮಾಡಿದವರಿಗೆ ಫಲ ಜಾಸ್ತಿ. ಆದರೆ ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ದಾಖಲೆ ಇದೆ. ಸುಮಾರು 13.6 ಕೆಜಿ ಇಳಿಸಿ, ಒಂದು ವರ್ಷವಾದರೂ ಹಾಗೇ ಉಳಿಸಿಕೊಂಡವರು ಮಾತ್ರ ಅದರಲ್ಲಿರುತ್ತಾರೆ. ಅವರಲ್ಲಿ ಹೆಚ್ಚಿನವರು ಮೊದಲು ಇಳಿಸೋಕೆ ಹೋಗಿ ಸೋತವರೇ! ತೂಕ ಇಳಿದಾಗ ದೇಹ ಕಡಿಮೆ ಕ್ಯಾಲೊರಿ ಖರ್ಚು ಮಾಡುತ್ತದೆ, ಹಸಿವೂ ಜಾಸ್ತಿಯಾಗುತ್ತದೆ. ಹಾಗಿರುವಾಗ ಸುಮ್ನೆ "ಬಾಯಿ ಕಟ್ಟೋಕಾಗಲ್ಲ" ಅಂತ ಬೈಯುವುದು ಸರಿಯಲ್ಲ ಅಲ್ವಾ? (ನಮ್ಮ ಮನೆಯಲ್ಲಿ ಭಾವ ಬಿಟ್ಟು ಎಲ್ಲರೂ ಬೈಯುತ್ತಾರೆ.)

ನಿಮ್ಮಲ್ಲಿ ಯಾರಾದರೂ ಹೀಗೆ ಏರಿ ಇಳಿದು, ಕೊನೆಗೆ ನಿಲ್ಲಿಸಿಕೊಂಡಿದ್ದೀರಾ? ಈ ಸಲ ಏನು ಬೇರೆ ಮಾಡಿದಿರಿ? ಹಳೆಯ ಡಯಟ್‌ಗಳ ವಿಷಯ ಡಯಟಿಷಿಯನ್‌ಗೆ ಪೂರ್ತಿ ಹೇಳಿದ್ದರಿಂದ ಉಪಯೋಗ ಆಯಿತಾ? ಓಟ್ಸ್ ತಿನ್ನಿ ಅನ್ನದೆ, ಮುದ್ದೆ, ಸೊಪ್ಪಿನ ಸಾರು, ಅವರೆಕಾಳಿನಲ್ಲೇ ಲೆಕ್ಕ ಹಾಕಿಕೊಡುವವರು ಕೋಲಾರ ಅಥವಾ ಚಿಕ್ಕಬಳ್ಳಾಪುರದಲ್ಲಿ ಇದ್ದರೆ ತಿಳಿಸಿ. ಅಕ್ಕನಿಗೆ ಥೈರಾಯ್ಡ್ ಮಾತ್ರೆಯೂ ನಡೆಯುತ್ತಿದೆ, ಅದು ಗೊತ್ತಿರುವವರಾದರೆ ಇನ್ನೂ ಒಳ್ಳೆಯದು.

ಪುಡಿ, ಶೇಕ್ ಮಾರುವವರು ದಯವಿಟ್ಟು ಮೆಸೇಜ್ ಮಾಡಬೇಡಿ.