ಕೈಕಸೂತಿಯ ಸೂಜಿಗೆ ಸುಲಭವಾಗಿ ದಾರ ಪೋಣಿಸುವಂತೆ ಅದರ ಕಣ್ಣನ್ನು ರೂಪಿಸುವುದು ಹೇಗೆ?

ಪ್ರಶ್ನೆ
ಅಚ್ಚುಮನೆ, ಹಾಸನ

ನಾನು ಹಾಸನದ ಒಂದು ಸಣ್ಣ ಟೂಲ್ ರೂಮಿನಲ್ಲಿ ಅಚ್ಚು ಮಾಡುವ ಕೆಲಸದಲ್ಲಿದ್ದೇನೆ. ನನ್ನ ತಾಯಿಗೆ ಈಗ 64 ವರ್ಷ. ಸೆರಗು, ಕುಪ್ಪಸದ ತೋಳು, ಬಾಗಿಲ ತೋರಣ, ಮೊಮ್ಮಕ್ಕಳ ಕುಲಾವಿ ಎಂದು ಕೈಗೆ ಸಿಕ್ಕ ಬಟ್ಟೆಯ ಮೇಲೆಲ್ಲ ಕಸೂತಿ ಹಾಕುತ್ತಲೇ ಬಂದವರು. ಅವರ ಕೈ ಇಂದಿಗೂ ನಡುಗುವುದಿಲ್ಲ, ಹೊಲಿಗೆ ಇಂದಿಗೂ ಒಂದೇ ಅಳತೆಯಲ್ಲಿ ಬೀಳುತ್ತದೆ. ಆದರೆ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಸೋತುಹೋಗುತ್ತಾರೆ. ನಾವು ಯಾರೂ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಪಕ್ಕದ ಮನೆಯ ಹುಡುಗಿ ಶಾಲೆಯಿಂದ ಬರುವವರೆಗೂ ಅವರು ಕೆಲಸ ನಿಲ್ಲಿಸಿ ಕಾಯುತ್ತಾರೆಂಬುದು ನನಗೆ ಕಳೆದ ತಿಂಗಳು ತಿಳಿಯಿತು. ತಿಳಿದ ಮೇಲೆ ಸುಮ್ಮನಿರಲು ಮನಸ್ಸು ಬರಲಿಲ್ಲ.

ಇದು ದಿನಕ್ಕೆ ಒಂದೆರಡು ಬಾರಿಯ ತೊಂದರೆಯಲ್ಲ. ಅವರು ಬಳಸುವುದು ಆರು ಎಳೆಯ ಹತ್ತಿ ದಾರದ 8 ಮೀಟರ್ ಲಚ್ಚಿಯನ್ನು. ದಾರವನ್ನು ಮೊಳದಷ್ಟು, ಅಂದರೆ ಸುಮಾರು 45 ಸೆಂಟಿಮೀಟರಿಗೆ ಕತ್ತರಿಸಿ, ಆರರಲ್ಲಿ ಎರಡೆರಡೇ ಎಳೆಗಳನ್ನು ಬಿಡಿಸಿಕೊಂಡು ಹೊಲಿಯುತ್ತಾರೆ. ಅಲ್ಲಿಗೆ ಒಂದು ಲಚ್ಚಿಗೆ 17 ತುಂಡು, ತುಂಡಿಗೆ 3 ಜೋಡಿ. ಬಣ್ಣ ಬದಲಿಸುವುದನ್ನು ಬಿಟ್ಟರೂ ಒಂದು ಲಚ್ಚಿ ಮುಗಿಯುವಷ್ಟರಲ್ಲಿ 50ಕ್ಕೂ ಹೆಚ್ಚು ಬಾರಿ ಪೋಣಿಸಬೇಕು. ಇನ್ನೂ ಉದ್ದ ಕತ್ತರಿಸಿಕೊಳ್ಳಿ ಎಂದರೆ, ಹೊಲಿಗೆ ಹೊಲಿಗೆಗೂ ಬಟ್ಟೆಯಲ್ಲಿಯೂ ಸೂಜಿಯ ಕಣ್ಣಿನಲ್ಲಿಯೂ ಉಜ್ಜಿ ಉಜ್ಜಿ ದಾರದ ಹೊಳಪು ಹೋಗುತ್ತದೆ, ಜುಂಗು ಏಳುತ್ತದೆ ಎನ್ನುತ್ತಾರೆ.

ಅವರದು 7ನೆಯ ನಂಬರಿನ ಎಂಬ್ರಾಯ್ಡರಿ ಸೂಜಿ. ನನ್ನ ಮೈಕ್ರೋಮೀಟರಿನಲ್ಲಿ ಅದರ ಮೈ ಸುಮಾರು 0.7 ಮಿ.ಮೀ. ದಪ್ಪ ಬಂತು. ನನಗೆ ಎರಡು ದಾರಿಗಳು ಕಾಣುತ್ತಿವೆ. ಒಂದು, ಕಣ್ಣನ್ನೇ ದೊಡ್ಡದು ಮಾಡುವುದು. ಇನ್ನೊಂದು, ತಲೆಯ ಮೇಲ್ಭಾಗವನ್ನು ಸೀಳಿ, ದಾರವನ್ನು ಮೇಲಿನಿಂದ ಒತ್ತಿದರೆ ಒಳಗೆ ಇಳಿಯುವಂತೆ ಮಾಡುವುದು. ಹೊಲಿಯುವವರು ಯಾವುದನ್ನು ಒಪ್ಪುತ್ತಾರೆ, ಲೋಹ ಯಾವುದನ್ನು ತಾಳುತ್ತದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1
ಎರಡೆಳೆ, ಚಿಕ್ಕಮಗಳೂರು

ನಾನು ಚಿಕ್ಕಮಗಳೂರಿನಲ್ಲಿ ಬಹಳ ಕಾಲದಿಂದ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದೇನೆ. ನಿಮ್ಮ ಮೊದಲ ದಾರಿಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದರಲ್ಲಿಯೇ ಎಲ್ಲರೂ ಎಡವುತ್ತಾರೆ.

ನಮ್ಮ ಕಡೆ ಕಾಫಿ, ಮೆಣಸಿನ ಚೀಲಗಳ ಬಾಯಿ ಹೊಲಿಯುವ ದಬ್ಬಣವನ್ನು ನೋಡಿರುತ್ತೀರಿ. ಅದರ ಕಣ್ಣಿಗೆ ಗೋಣಿದಾರವನ್ನು ಕತ್ತಲಲ್ಲಿಯೂ ಪೋಣಿಸಬಹುದು. ಗೋಣಿಯ ನೇಯ್ಗೆ ಸಡಿಲವಾಗಿರುವುದರಿಂದ ಅಷ್ಟು ಅಗಲದ ತಲೆ ಅಲ್ಲಿ ನಡೆಯುತ್ತದೆ. ವಾಯಿಲ್ ಅಥವಾ ರೇಷ್ಮೆಯ ಮೇಲೆ ಹಾಗಲ್ಲ. ಮೊನೆ ಮಾಡಿದ ತೂತಿನಲ್ಲಿ ಮೊದಲು ಸೂಜಿಯ ಮೈ, ಆಮೇಲೆ ತಲೆ, ತಲೆಯ ಜೊತೆಗೇ ಎರಡು ಪಕ್ಕದಲ್ಲಿ ಮಡಿಸಿ ನಿಂತ ದಾರ, ಇಷ್ಟೂ ದಾಟಬೇಕು. ಎರಡೆಳೆ ಪೋಣಿಸಿದಾಗ ಆ ಜಾಗದಲ್ಲಿ ನಾಲ್ಕೆಳೆಯ ದಪ್ಪವಿರುತ್ತದೆ ಎಂಬುದನ್ನು ನೆನಪಿಡಿ. ತಲೆ ಅಗಲವಾದರೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ, ಸೂಜಿ ಎಳೆಯುವ ಬೆರಳು ಸಂಜೆಯ ಹೊತ್ತಿಗೆ ನೋಯುತ್ತದೆ. ತಲೆ ಸಣ್ಣದಾದರೆ ದಾರ ಬಟ್ಟೆಯನ್ನು ಉಜ್ಜುತ್ತ ಹೋಗುತ್ತದೆ. ಸೂಜಿ ದಾರಕ್ಕೆ ದಾರಿ ಮಾಡಿಕೊಡಬೇಕೇ ಹೊರತು ಅದಕ್ಕಿಂತ ಹೆಚ್ಚು ಬಾಯಿ ತೆರೆಯಬಾರದು.

ಹಳಬರು ಇದಕ್ಕೆ ಕಂಡುಕೊಂಡ ಉಪಾಯ ನಿಮ್ಮ ತಾಯಿಯ ಕೈಯಲ್ಲಿಯೇ ಇದೆ. ಎಂಬ್ರಾಯ್ಡರಿ ಸೂಜಿಯೆಂದರೆ ಸಾಮಾನ್ಯ ಹೊಲಿಗೆಯ ಸೂಜಿಯ ದಪ್ಪವನ್ನೇ ಇಟ್ಟುಕೊಂಡು ಕಣ್ಣನ್ನು ಮಾತ್ರ ಉದ್ದ ಮಾಡಿದ ಸೂಜಿ. ಅಗಲದ ಕಡೆಗೆ ಹೋಗಲಾಗದ್ದರಿಂದ ಉದ್ದದ ಕಡೆಗೆ ಹೋದರು. ಆದರೆ ಅದಕ್ಕೂ ಮಿತಿಯಿದೆ. ದಾರವನ್ನು ಸೂಜಿಗೆ ಹತ್ತಾರು ಸುತ್ತು ಸುತ್ತಿ ಆ ಸುರುಳಿಯ ಒಳಗಿನಿಂದಲೇ ಸೂಜಿಯನ್ನು ಎಳೆಯುವ ಬುಲಿಯನ್ ಗಂಟಿಗೆ ಈ ಸೂಜಿ ಒಗ್ಗುವುದಿಲ್ಲ, ತಲೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಮೈಯಷ್ಟೇ ದಪ್ಪದ ತಲೆಯ, ದುಂಡು ಕಣ್ಣಿನ ಮಿಲಿನರ್ ಸೂಜಿ ಬೇಕು. ಆದ್ದರಿಂದ ಯಾವ ಹೊಲಿಗೆಗೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ತಾಯಿಯವರು ಹೆಚ್ಚಾಗಿ ಹಾಕುವುದು ತುಂಬು ಹೊಲಿಗೆಯೋ ಗಂಟಿನ ಹೊಲಿಗೆಯೋ ಕೇಳಿ ತಿಳಿಸಿ.

ಇನ್ನೊಂದು ಮಾತು. ದಾರ ಹೋಗದಿರುವುದಕ್ಕೆ ಬಹಳ ಸಲ ಕಣ್ಣಿನ ಗಾತ್ರ ಕಾರಣವಲ್ಲ, ದಾರದ ತುದಿ ಕಾರಣ. ಎರಡು ಎಳೆಗಳಲ್ಲಿ ಒಂದು ಮುಂದೆ, ಒಂದು ಹಿಂದೆ ಇರುತ್ತದೆ. ಮುಂದಿನದು ಒಳಗೆ ಹೋದರೆ ಹಿಂದಿನದು ಅಂಚಿಗೆ ತಾಗಿ ಮಡಚಿಕೊಳ್ಳುತ್ತದೆ. ಹರಿತವಾದ ಕತ್ತರಿಯಿಂದ ಹೊಸದಾಗಿ ಕತ್ತರಿಸಿ, ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಕೂದಲೆಳೆಯಷ್ಟೇ ಕಾಣುವಂತೆ ಚಪ್ಪಟೆಯಾಗಿ ಒತ್ತಿ ಹಿಡಿದು, ಸೂಜಿಯನ್ನೇ ಅದರ ಮೇಲೆ ತರಬೇಕು. ನನ್ನ ತರಗತಿಯಲ್ಲಿ ವಯಸ್ಸಾದವರಿಗೆ ನಾನು ಮೊದಲ ದಿನ ಕಲಿಸುವುದೇ ಇದನ್ನು.

ಉತ್ತರ 2
ಕುಪ್ಪಸದ ಅಂಗಡಿ, ಹಾಸನ

ನಮ್ಮಲ್ಲಿ ಆರಿ ಕೆಲಸದ ಸೂಜಿಗೆ ಕಣ್ಣೇ ಇರುವುದಿಲ್ಲ. ತುದಿಯ ಕೊಕ್ಕೆ ಬಟ್ಟೆಯ ಕೆಳಗಿನಿಂದ ದಾರವನ್ನು ಎತ್ತಿಕೊಂಡು ಬರುತ್ತದೆ. ತಾಯಿಯವರಿಗೆ ಅದನ್ನು ಕಲಿಸಬಹುದಲ್ಲವೇ? ಇಲ್ಲವಾದರೆ ತಂತಿಯ ದಾರ ಪೋಣಿಸುವ ಸಾಧನ ಎಲ್ಲ ಅಂಗಡಿಯಲ್ಲಿಯೂ ಸಿಗುತ್ತದೆ.

ಉತ್ತರ 3
ಎರಡೆಳೆ, ಚಿಕ್ಕಮಗಳೂರು

ಆರಿ ಒಳ್ಳೆಯ ಕಲೆಯೇ. ಆದರೆ ಅದಕ್ಕೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕಟ್ಟಬೇಕು, ಅದರಿಂದ ಮೂಡುವುದು ಮೂಲತಃ ಸರಪಳಿ ಹೊಲಿಗೆ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಮುಖದಲ್ಲಿ ಒಂದೇ ಬಗೆಯಾಗಿ ಕಾಣಬೇಕು. ಅದು ಕೊಕ್ಕೆಯಿಂದ ಆಗುವುದಿಲ್ಲ. ತಂತಿಯ ಸಾಧನದಲ್ಲಿಯೂ ಒಂದು ತೊಡಕಿದೆ. ತಂತಿಯ ಕುಣಿಕೆ ದಾರವನ್ನು ಮಡಿಸಿ ಎಳೆಯುವುದರಿಂದ, ಎರಡೆಳೆ ಹೋಗಬೇಕಾದ ಕಣ್ಣಿನಲ್ಲಿ ನಾಲ್ಕೆಳೆಯೂ ಎರಡು ತಂತಿಯೂ ಒಟ್ಟಿಗೆ ನುಗ್ಗಬೇಕಾಗುತ್ತದೆ. 5ನೆಯ ನಂಬರಿನ ಸೂಜಿಗೆ ಅದು ನಡೆಯುತ್ತದೆ. ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣದು. 9, 10ನೆಯ ನಂಬರಿಗೆ ಬರುವಷ್ಟರಲ್ಲಿ ತಂತಿ ಕಿತ್ತು ಬರುತ್ತದೆ.

ಉತ್ತರ 4
ನಿವೃತ್ತ ಟೂಲ್ ಮೇಕರ್, ಹಾಸನ

ತಮ್ಮಾ, ನೀನು ನಮ್ಮ ಕಸುಬಿನವನೇ ಆದ್ದರಿಂದ ಲೋಹದ ಕಡೆಯಿಂದ ಹೇಳುತ್ತೇನೆ.

ಸೂಜಿಯ ಕಣ್ಣನ್ನು ಡ್ರಿಲ್ಲಿನಿಂದ ಕೊರೆಯುತ್ತಾರೆಂದು ಹೆಚ್ಚಿನವರು ಭಾವಿಸುತ್ತಾರೆ. ಸಾಂಪ್ರದಾಯಿಕ ಕ್ರಮ ಹಾಗಲ್ಲ. ಎರಡು ಸೂಜಿಯಷ್ಟು ಉದ್ದದ ಉಕ್ಕಿನ ತಂತಿಯ ಎರಡೂ ತುದಿಗೆ ಮೊನೆ ಮಾಡಿ, ನಟ್ಟನಡುವೆ ಮೇಲೊಂದು ಕೆಳಗೊಂದು ಅಚ್ಚಿನಿಂದ ಒತ್ತುತ್ತಾರೆ. ಆ ಒತ್ತಿಗೆ ಎರಡು ತಲೆಗಳ ಆಕಾರ ಮೂಡಿ, ಕಣ್ಣಿನ ಜಾಗ ತೆಳುವಾಗುತ್ತದೆ. ಆ ತೆಳುವಾದ ಪೊರೆಯನ್ನು ಪಂಚಿನಿಂದ ತೂರಿ ತೆಗೆಯುತ್ತಾರೆ. ಬಳಿಕ ನಡುವೆ ಮುರಿದು ಎರಡು ಸೂಜಿ ಮಾಡಿ, ಅಂಚು ಉಜ್ಜಿ, ಕೆಂಪಗೆ ಕಾಯಿಸಿ ತಣಿಸಿ ಗಡಸುಗೊಳಿಸಿ, ಮತ್ತೆ ಹದವಾಗಿ ಕಾಯಿಸಿ ಪೆಡಸುತನ ಇಳಿಸಿ, ಹೊಳಪು ಕೊಟ್ಟು, ನಿಕ್ಕಲ್ ಲೇಪಿಸುತ್ತಾರೆ. ಇಂಗ್ಲೆಂಡಿನ ರೆಡಿಚ್ ಎಂಬ ಊರು ಈ ಕೆಲಸದಿಂದಲೇ ಹೆಸರಾಯಿತು.

ಇದರಿಂದ ನಿನಗೆ ಎರಡು ಸಂಗತಿಗಳು ಸಿಗುತ್ತವೆ. ಮೊದಲನೆಯದು, ಪಂಚು ಒಂದು ಕಡೆಯಿಂದ ತೂರುವುದರಿಂದ ಕಣ್ಣಿನ ಒಂದು ಮುಖ ನಯವಾಗಿಯೂ ಇನ್ನೊಂದು ಮುಖ ತುಸು ಒರಟಾಗಿಯೂ ಇರುತ್ತದೆ. ದಾರ ಹೋಗದಿದ್ದರೆ ಸೂಜಿಯನ್ನು ತಿರುಗಿಸಿ ನೋಡು ಎಂದು ಹಿರಿಯರು ಹೇಳುವುದಕ್ಕೆ ಕಾರಣ ಇದೇ. ಎರಡನೆಯದು, ಅಚ್ಚು ಒತ್ತಿದಾಗ ಕಣ್ಣಿನ ಮೇಲೆ ಕೆಳಗೆ ಒಂದು ಸಣ್ಣ ತೋಡು ಬೀಳುತ್ತದೆ. ಪೋಣಿಸಿದ ದಾರ ಆ ತೋಡಿನಲ್ಲಿ ಮಲಗಿ ಬಟ್ಟೆಯನ್ನು ದಾಟುತ್ತದೆ. ಮೇಡಂ ಹೇಳಿದ ನಾಲ್ಕೆಳೆಯ ದಪ್ಪವನ್ನು ಅಡಗಿಸುವುದು ಅದೇ. ಕಣ್ಣನ್ನು ದೊಡ್ಡದು ಮಾಡದೆ, ಈ ತೋಡನ್ನು ಒಂದು ಮುಖದಲ್ಲಿ ಮಾತ್ರ ಉದ್ದವಾಗಿಯೂ ಇಳಿಜಾರಾಗಿಯೂ ಮಾಡಿದರೆ ಅದು ಲಾಳಿಕೆಯಂತೆ ಕೆಲಸ ಮಾಡಬೇಕು: ದಾರದ ತುದಿ ಕಣ್ಣಿಗೆ ನೇರವಾಗಿ ಗುರಿ ಹಿಡಿಯಬೇಕಾಗಿಲ್ಲ, ತೋಡಿನಲ್ಲಿ ಎಲ್ಲಿ ಇಟ್ಟರೂ ಜಾರಿಕೊಂಡು ಬಂದು ಕಣ್ಣಿಗೆ ಬೀಳುತ್ತದೆ. ಯಾವ ಮುಖದಲ್ಲಿ ತೋಡಿದೆ ಎಂಬುದು ಬೆರಳಿಗೇ ತಿಳಿಯುವಂತಿದ್ದರೆ ನೋಟದ ಮೇಲಿನ ಹೊರೆ ಅರ್ಧ ಇಳಿಯುತ್ತದೆ.

ನೇರವಾಗಿ 0.7 ಮಿ.ಮೀ. ಉಕ್ಕಿನಲ್ಲಿ ಆರಂಭಿಸಬೇಡ. 7 ಮಿ.ಮೀ. ಹಿತ್ತಾಳೆ ಸರಳಿನಲ್ಲಿ ಹತ್ತು ಪಟ್ಟು ದೊಡ್ಡ ಮಾದರಿ ಮಾಡಿ, ಹತ್ತಿಯ ಹಗ್ಗದ ತುದಿ ಎಲ್ಲಿ ತಡೆಯುತ್ತದೆ, ಎಲ್ಲಿ ಮಡಚಿಕೊಳ್ಳುತ್ತದೆ ಎಂದು ಕಣ್ಣಾರೆ ನೋಡು. ಆಮೇಲೆ ಅಂಗಡಿಯ ಸೂಜಿಯನ್ನೇ ತಿದ್ದಬಹುದು. ಗಡಸಾದ ಉಕ್ಕಿಗೆ ಸಾಮಾನ್ಯ ಅರ ತಾಗುವುದಿಲ್ಲ, ವಜ್ರದ ಪುಡಿಯ ಅರ ಬೇಕು. ತಲೆಯನ್ನು ಮಾತ್ರ ಮೆದುಗೊಳಿಸಬೇಕೆಂದಿದ್ದರೆ, ಮೊನೆಯ ಭಾಗವನ್ನು ಹಸಿ ಆಲೂಗೆಡ್ಡೆಗೆ ಚುಚ್ಚಿಟ್ಟು ತಲೆಗೆ ಬೆಂಕಿ ಕೊಡು. ಆಲೂಗೆಡ್ಡೆಯ ನೀರು ಮೊನೆಯ ಹದವನ್ನು ಕಾಪಾಡುತ್ತದೆ. ಹಾಸನದಲ್ಲಿ ಆಲೂಗೆಡ್ಡೆಗೆ ಬರವಿಲ್ಲ.

ಉತ್ತರ 5
ಮಂಜುಗಣ್ಣು, ಸಕಲೇಶಪುರ

ಮೇಲಿನಿಂದ ಸೀಳಿದ ಸೂಜಿಯ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ನನ್ನ ದೃಷ್ಟಿ ಬಹಳ ಮಂದ. ಅಂತಹ ಸೂಜಿ ಈಗಾಗಲೇ ಮಾರಾಟದಲ್ಲಿದೆ, ನಾನು ಅದನ್ನೇ ನೆಚ್ಚಿಕೊಂಡವಳು. ದಾರವನ್ನು ತಲೆಯ ಮೇಲೆ ಅಡ್ಡವಾಗಿ ಎಳೆದು ಒತ್ತಿದರೆ ಟಕ್ಕೆಂದು ಒಳಗೆ ಕೂರುತ್ತದೆ, ನೋಡುವ ಅಗತ್ಯವೇ ಇಲ್ಲ. ಗುಂಡಿ ಹಾಕಲು, ಅಂಚು ಮಡಿಸಲು ಇದರಷ್ಟು ಉಪಕಾರಿಯಾದದ್ದು ನನಗೆ ಬೇರೆ ಸಿಕ್ಕಿಲ್ಲ.

ಕಸೂತಿಗೆ ಮಾತ್ರ ಅದು ಸೋಲುತ್ತದೆ. ಬಿಗಿಯಾಗಿ ಹುರಿಗೊಂಡ ಹೊಲಿಗೆಯ ದಾರ ಆ ಸೀಳನ್ನು ದಾಟಿ ಉಳಿಯುತ್ತದೆ; ಸಡಿಲ ಹುರಿಯ ಕಸೂತಿ ಎಳೆ ದಾಟುವಾಗಲೇ ಸೀಳಿನ ಅಂಚಿಗೆ ಸಿಕ್ಕಿ ಹರಿಯತೊಡಗುತ್ತದೆ. ಎರಡೆಳೆಯಲ್ಲಿ ಒಂದು ಒಳಗೆ, ಒಂದು ಹೊರಗೆ ನಿಲ್ಲುವುದೂ ಉಂಟು. ಕೆಲವು ದಿನ ಬಳಸಿದ ಮೇಲೆ ಸೀಳು ಸಡಿಲವಾಗಿ, ಹೊಲಿಯುತ್ತಿರುವಾಗಲೇ ದಾರ ಕಳಚಿ ಬರುತ್ತದೆ. ನೀವು ಆ ದಾರಿ ಹಿಡಿಯುವುದಾದರೆ ಸೀಳಿನ ಒಳ ಅಂಚುಗಳನ್ನು ದುಂಡಗೆ ಮಾಡದೆ ಪ್ರಯೋಜನವಿಲ್ಲ.

ನಿವೃತ್ತರು ಹೇಳಿದ ತೋಡಿನ ಉಪಾಯ ನನಗೆ ಹಿಡಿಸಿತು. ನೋಡಲಾಗದವರು ಬೆರಳಿನಿಂದ, ಕೆಲವರು ನಾಲಿಗೆಯ ತುದಿಯಿಂದ ಕಣ್ಣನ್ನು ಹುಡುಕುತ್ತೇವೆ. ಬೆರಳಿಗೆ ಸಿಗುವ ಗುರುತೇ ನಮಗೆ ಬೆಳಕು.

ಉತ್ತರ 6
ಎರಡೆಳೆ, ಚಿಕ್ಕಮಗಳೂರು

ಒಂದು ಎಚ್ಚರಿಕೆ ಹೇಳಬೇಕು. ಅರದಿಂದ ಉಜ್ಜಿದ ಜಾಗದಲ್ಲಿ ನಿಕ್ಕಲ್ ಲೇಪ ಹೋಗಿರುತ್ತದೆ. ನಮ್ಮ ಮಳೆಗಾಲದಲ್ಲಿ ಲೇಪವಿದ್ದ ಸೂಜಿಗೇ ತುಕ್ಕು ಹಿಡಿಯುತ್ತದೆ. ಬರಿಯ ಉಕ್ಕು ತೇವದ ಬೆರಳಿಗೆ ಎಷ್ಟು ದಿನ ತಾಳೀತು? ತುಕ್ಕು ಮೊದಲು ಅಂಟುವುದು ದಾರಕ್ಕೆ. ಬಿಳಿಯ ಬಟ್ಟೆಯ ಮೇಲೆ ಒಮ್ಮೆ ಆ ಕೆಂಗಂದು ಕಲೆ ಬಿದ್ದರೆ ತಿಂಗಳ ಕೆಲಸ ಹೋದಂತೆಯೇ. ನಾನು ಒಂದು ಮಗುವಿನ ಅಂಗಿಯನ್ನು ಹಾಗೆ ಕಳೆದುಕೊಂಡಿದ್ದೇನೆ. ಪ್ರಯೋಗದ ಸೂಜಿಗಳನ್ನು ಹಳೆಯ ಬಟ್ಟೆಯ ಮೇಲೆ ಮಾತ್ರ ಬಳಸಲು ತಾಯಿಯವರಿಗೆ ಹೇಳಿ, ರೂಪ ಗಟ್ಟಿಯಾದ ಮೇಲೆ ಲೇಪ ಹಾಕಿಸಿ.

ಉತ್ತರ 7
ಅಚ್ಚುಮನೆ, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ಅಮ್ಮ ಹಾಕುವುದು ಬಹುಪಾಲು ತುಂಬು ಹೊಲಿಗೆ ಮತ್ತು ಕಾಂಡದ ಹೊಲಿಗೆ. ಬುಲಿಯನ್ ಗಂಟು ಅಪರೂಪ. ಆದ್ದರಿಂದ ಉದ್ದ ಕಣ್ಣನ್ನೇ ಇಟ್ಟುಕೊಳ್ಳುತ್ತೇನೆ, ಸೀಳುವ ಯೋಚನೆಯನ್ನು ಬಿಟ್ಟಿದ್ದೇನೆ.

ಭಾನುವಾರ ಹಿತ್ತಾಳೆಯಲ್ಲಿ ಎರಡು ಮಾದರಿ ಮಾಡಿದೆ. ಒಂದಕ್ಕೆ ಕಣ್ಣಿನ ಅಂಚನ್ನು ಚೂಪಾಗಿಯೇ ಬಿಟ್ಟೆ, ಇನ್ನೊಂದಕ್ಕೆ ಒಂದು ಮುಖದಲ್ಲಿ ಇಳಿಜಾರಿನ ತೋಡು ಕೊಟ್ಟೆ. ಎರಡರ ಕಣ್ಣಿನ ಅಳತೆಯೂ ಒಂದೇ. ಅಮ್ಮ ಕಣ್ಣು ಮುಚ್ಚಿಕೊಂಡು ಹಗ್ಗ ಪೋಣಿಸಿ ನೋಡಿದರು. ಚೂಪು ಅಂಚಿನದರಲ್ಲಿ ಹಗ್ಗದ ತುದಿ ಅಂಚಿಗೆ ತಾಗಿ ಹೂವಿನಂತೆ ಬಿಚ್ಚಿಕೊಂಡಿತು. ತೋಡಿನದರಲ್ಲಿ ಹೆಬ್ಬೆರಳಿನಿಂದ ಹಗ್ಗವನ್ನು ತೋಡಿನುದ್ದಕ್ಕೆ ತಳ್ಳಿದಾಗ ತಾನಾಗಿ ಹೋಯಿತು. ಆದರೆ ತೋಡನ್ನು ತಲೆಯ ತುದಿಯವರೆಗೂ ತೆಗೆದದ್ದು ತಪ್ಪಾಯಿತೆಂದು ಈಗ ಅನ್ನಿಸುತ್ತಿದೆ. ಹಾಗೆ ಮಾಡಿದಾಗ ಕಣ್ಣಿನ ಮೇಲ್ಭಾಗದಲ್ಲಿ ಉಳಿಯುವ ಲೋಹ ಬಹಳ ತೆಳುವಾಗುತ್ತದೆ. ಮೈಯ ಕಡೆಯಿಂದ ಕಣ್ಣಿಗೆ ಏರುವಂತೆ ತೋಡು ಮಾಡಿದರೆ ಮೇಲ್ಭಾಗ ಗಟ್ಟಿಯಾಗಿ ಉಳಿಯುತ್ತದೆ, ಬೆರಳೂ ಸಹಜವಾಗಿ ಆ ಕಡೆಯಿಂದಲೇ ಬರುತ್ತದೆ. ಅದು ಸರಿಯೇ ಎಂದು ನಿರ್ಧರಿಸಲು ಸೂಜಿಗಳು ನಿಜವಾಗಿ ಎಲ್ಲಿ ಮುರಿಯುತ್ತವೆ ಎಂಬುದನ್ನು ನೋಡಬೇಕಾಗಿದೆ. ಮೇಡಂ, ನಿಮ್ಮ ತರಗತಿಯಲ್ಲಿ ಕಣ್ಣು ಮುರಿದ ಸೂಜಿಗಳನ್ನು ಎಸೆಯದೆ ಇಟ್ಟಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 8
ಎರಡೆಳೆ, ಚಿಕ್ಕಮಗಳೂರು

ಮುರಿದ ಸೂಜಿ ಮಕ್ಕಳ ಕಾಲಿಗೆ ಚುಚ್ಚದಿರಲೆಂದು ಒಂದು ಡಬ್ಬಿಯಲ್ಲಿ ಹಾಕಿಡುತ್ತ ಬಂದಿದ್ದೇನೆ. ಈಗ ತೆರೆದು ಭೂತಗನ್ನಡಿಯಲ್ಲಿ ನೋಡಿದೆ. ಹೆಚ್ಚಿನವು ಕಣ್ಣಿನ ಪಕ್ಕದ ಗೋಡೆಯಲ್ಲಿ ಮುರಿದಿವೆ, ಮೇಲ್ಭಾಗದಲ್ಲಿ ಮುರಿದವು ನಾಲ್ಕೈದು ಮಾತ್ರ. ಆದ್ದರಿಂದ ಪಕ್ಕದ ಗೋಡೆಯನ್ನು ಅರದಿಂದ ಮುಟ್ಟಲೇಬೇಡಿ. ಡಬ್ಬಿಯನ್ನು ಹಾಗೆಯೇ ಹಾಸನಕ್ಕೆ ಕಳುಹಿಸಿಕೊಡುತ್ತೇನೆ. 7ನೆಯ ನಂಬರಿನವನ್ನು ಬೇರೆ ಕಾಗದದಲ್ಲಿ ಸುತ್ತಿರುತ್ತೇನೆ.