ಫೈನಲ್‌ಗಳಲ್ಲಿ ಗೋಲು ಹೊಡೆದವರು ಬೇರೆಯವರು, ಹಾಗಾದರೆ ಟ್ಯೂನ್ ಡಿ ನೋಯರ್ ದೊಡ್ಡವರು ಹೇಗೆ?

ಮಿಡ್‌ಫೀಲ್ಡ್ ಮರಿ:
ಎಲ್ಲರಿಗೂ ನಮಸ್ಕಾರ. ನನಗೆ ಹತ್ತೊಂಬತ್ತು ವರ್ಷ, ಹಾಕಿಯಲ್ಲಿ ಮಿಡ್‌ಫೀಲ್ಡ್ ಆಡುತ್ತೇನೆ. ಮೊನ್ನೆ ನಮ್ಮ ಕೋಚ್, "ಚೆಂಡು ಹಿಡ್ಕೊಂಡು ಓಡೋದು ಕಲೀಬೇಕಾ? ಟ್ಯೂನ್ ಡಿ ನೋಯರ್ ಆಟ ನೋಡು" ಅಂದರು. ಹುಡುಕಿದೆ. ನೆದರ್ಲೆಂಡ್ಸ್ ಪರ 453 ಪಂದ್ಯ, ಐದು ಒಲಿಂಪಿಕ್ಸ್, ಎರಡು ಚಿನ್ನ. ಸರಿ, ಒಪ್ಪಿದೆ. ಆದರೆ 1996ರ ಅಟ್ಲಾಂಟಾ ಫೈನಲ್ ಅಂದರೆ ಎಲ್ಲರೂ ಅದೇ ತಂಡದ ಬೋವೆಲಾಂಡರ್ ಹೆಸರು ಹೇಳುತ್ತಾರೆ. 2000ದ ಸಿಡ್ನಿ ಫೈನಲ್‌ನಲ್ಲಿ ತಂಡದ ಮೂರೂ ಗೋಲು ಸ್ಟೆಫಾನ್ ವೇನ್ ಅವರದ್ದು. ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ಎದುರಾಳಿ ಫೌಲ್ ಮಾಡಿದರೆ ಸಿಗುವ ಅವಕಾಶ) ಹೊಡೆಯುವ ಕೆಲಸವೂ ಇವರದ್ದಲ್ಲ. ಸುಮ್ನೆ ಒಳ್ಳೆ ತಂಡದಲ್ಲಿದ್ದ ಅದೃಷ್ಟವಾ ಇದು? ಬೈಬೇಡಿ, ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಹಳೇ ಸ್ಟಿಕ್:
ಬೈಯೋದು ಯಾಕಮ್ಮ, ಒಳ್ಳೆ ಪ್ರಶ್ನೆ. ಮೊದಲು ಒಂದು ತಿದ್ದುಪಡಿ. 1998ರ ವಿಶ್ವಕಪ್ ಬಿಟ್ಟುಬಿಟ್ಟಿದ್ದೀಯ. ಉಟ್ರೆಕ್ಟ್‌ನಲ್ಲಿ, ಅವರದೇ ನೆಲದಲ್ಲಿ, ಸ್ಪೇನ್ ವಿರುದ್ಧ ಫೈನಲ್. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಆಗ ಗೋಲ್ಡನ್ ಗೋಲ್ ನಿಯಮ, ಮೊದಲು ಗೋಲು ಹೊಡೆದವರು ಗೆದ್ದ ಹಾಗೆ. ಆ ಗೋಲು ಹೊಡೆದದ್ದು ಇವರೇ. 3-2. ಆಗ ವಯಸ್ಸು 22.

ಆದರೂ ನಿನ್ನ ಪ್ರಶ್ನೆ ಗೋಲಿನ ಲೆಕ್ಕಕ್ಕೆ ನಿಂತುಬಿಟ್ಟಿದೆ. ಅಲ್ಲೇ ಎಡವಿದ್ದು. ಕಾರ್ನರ್ ಹೊಡೆಯುವವನ ಹೆಸರು ಸ್ಕೋರ್‌ಬೋರ್ಡ್‌ಗೆ ಬರುತ್ತದೆ. ಆ ಕಾರ್ನರ್ ಸಿಗುವ ಹಾಗೆ ಮಾಡಿದವನ ಹೆಸರು ಎಲ್ಲಿ ಬರುತ್ತದೆ? ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ, ಚೆಂಡು ತೆಗೆದುಕೊಂಡು ನುಗ್ಗಿದರೆ ಡಿಫೆಂಡರ್‌ಗೆ ಎರಡೇ ದಾರಿ. ಬಿಡಬೇಕು, ಇಲ್ಲ ಫೌಲ್ ಮಾಡಬೇಕು. ನೋಯರ್ ಥರದವರು ಇದ್ದದ್ದರಿಂದಲೇ ಬ್ರಾಮ್ ಲೊಮಾನ್ಸ್, ಟೇಕೆ ಟೇಕೆಮಾ ಥರದವರ ಡ್ರ್ಯಾಗ್ ಫ್ಲಿಕ್‌ಗೆ (ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಎಸೆಯುವ ಹೊಡೆತ) ಬೆಲೆ ಬಂತು ಅನ್ನುವವನು ನಾನು.

ನಾನೂ ಒಂದು ಕಾಲದಲ್ಲಿ ರೈಟ್ ಹಾಫ್ ಆಡುತ್ತಿದ್ದೆ. ಇವರ ಪಂದ್ಯದ ರೆಕಾರ್ಡಿಂಗ್ ಒಂದು ಸಿಕ್ಕಿತ್ತು. ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ. ಒಂದು ವಾರ ಸ್ಟಿಕ್ ಮಾತ್ರ ನೋಡಿದೆ, ಏನೂ ತಿಳಿಯಲಿಲ್ಲ. ಆಮೇಲೆ ಚೆಂಡಿನ ಮೇಲಿದ್ದ ಕಣ್ಣು ತೆಗೆದು ಎದುರಿನ ಡಿಫೆಂಡರ್ ಕಾಲು ನೋಡಿದೆ. ಅಲ್ಲಿತ್ತು ನೋಡು ಗುಟ್ಟು! ಇವರು ನೇರ ಅವನ ಮೇಲೇ ಓಡುತ್ತಾರೆ. ಸುತ್ತಿ ಬಳಸಿ ಹೋಗುವುದಿಲ್ಲ. ಹತ್ತಿರ ಬಂದಾಗ ಭುಜ ಒಂಚೂರು ಎಡಕ್ಕೆ ವಾಲುತ್ತದೆ. ಡಿಫೆಂಡರ್ ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ಅದು ಬೀಳುವವರೆಗೂ ಚೆಂಡು ಎಡಗಡೆಯೇ ಇರುತ್ತದೆ. ಬಿದ್ದ ಮೇಲೆ ಸ್ಟಿಕ್ ಮಗುಚಿ ಬಲಕ್ಕೆ ಎಳೆದರು, ಮುಗೀತು. ಅವನು ಕಾಲು ಎತ್ತುವಷ್ಟರಲ್ಲಿ ಇವರು ಅವನ ಬೆನ್ನ ಹಿಂದೆ.

ಮಾರನೇ ದಿನ ಮೈದಾನದಲ್ಲಿ ನಾನೂ ಮಾಡಿದೆ. ಭುಜ ವಾಲಿತು, ಡಿಫೆಂಡರ್ ಅಲ್ಲಾಡಲಿಲ್ಲ, ನಾನು ಮಾತ್ರ ಬಿದ್ದೆ. ಮಣಿಕಟ್ಟು ಉಳುಕಿ ಹತ್ತು ದಿನ ಮನೆ. ನಿಧಾನಕ್ಕೆ ಓಡುವವನ ಭುಜವನ್ನು ಯಾರೂ ನಂಬುವುದಿಲ್ಲ. ಆ ವೇಗದಲ್ಲಿ ಬಂದರೇನೇ ಅದಕ್ಕೆ ಅರ್ಥ.

ಗೋಲ್ ಪ್ಯಾಡ್:
ಹಳೇ ಸ್ಟಿಕ್ ಅಣ್ಣ ಚೆನ್ನಾಗಿ ಹೇಳಿದರು, ಆದರೆ ಭಕ್ತಿ ಸ್ವಲ್ಪ ಜಾಸ್ತಿ ಆಯ್ತು. ಸೋಲೂ ಹೇಳಿ ಸ್ವಾಮಿ. 2004 ಅಥೆನ್ಸ್ ಫೈನಲ್, ಆಸ್ಟ್ರೇಲಿಯಾದ ಜೇಮಿ ಡ್ವೈಯರ್ ಗೋಲ್ಡನ್ ಗೋಲ್ ಹೊಡೆದ, ಬೆಳ್ಳಿ. 1998ರಲ್ಲಿ ಕೊಟ್ಟದ್ದೇ ವಾಪಸ್ ಬಂತು. 2008 ಬೀಜಿಂಗ್‌ನಲ್ಲಿ ನಾಲ್ಕನೇ ಸ್ಥಾನ. 2012 ಲಂಡನ್ ಸೆಮಿಫೈನಲ್‌ನಲ್ಲಿ ಬ್ರಿಟನ್ನಿಗೆ 9-2 ಬಾರಿಸಿದ ತಂಡ ಫೈನಲ್‌ನಲ್ಲಿ ಜರ್ಮನಿಗೆ 2-1ರಿಂದ ಸೋತಿತು.

ತಮಾಷೆ ಏನು ಗೊತ್ತಾ? ಅಥೆನ್ಸ್‌ನಲ್ಲಿ ಚಿನ್ನ ಕಿತ್ತುಕೊಂಡ ಅದೇ ಡ್ವೈಯರ್ ಆಮೇಲೆ ನೆದರ್ಲೆಂಡ್ಸ್‌ನ ಬ್ಲೂಮೆಂಡಾಲ್ ಕ್ಲಬ್‌ನಲ್ಲಿ ಇವರ ಜೊತೆಯೇ ಆಡಿದ. ವಿಶ್ವ ಹಾಕಿಯ ವರ್ಷದ ಆಟಗಾರ ಪ್ರಶಸ್ತಿ 2003ರಲ್ಲಿ ಇವರಿಗೆ, 2004ರಲ್ಲಿ ಅವನಿಗೆ, 2005, 2006 ಮತ್ತೆ ಇವರಿಗೆ, 2007 ಅವನಿಗೆ. ಆ ಲೀಗ್‌ನಲ್ಲಿ ಎದುರಿಗೆ ಗೋಲ್‌ಕೀಪರ್ ಆಗಿ ನಿಂತವರನ್ನು ನೆನೆಸಿಕೊಂಡರೆ ನನಗೆ ಅಯ್ಯೋ ಅನಿಸುತ್ತದೆ.

ಹಳೇ ಸ್ಟಿಕ್:
ಭಕ್ತಿ ಇದೆ, ಇಲ್ಲ ಅನ್ನಲ್ಲ. ಸೋಲಿನ ಮಾತು ತೆಗೆದಿರಿ, ಹಾಗಾದರೆ ಇದೂ ಕೇಳಿ. ಲಂಡನ್‌ಗೆ ಕೆಲವೇ ತಿಂಗಳಿರುವಾಗ ಕೋಚ್ ಪಾಲ್ ಫಾನ್ ಆಸ್ ಇವರನ್ನೂ ಟೇಕೆಮಾರನ್ನೂ ತಂಡದಿಂದ ಕೈಬಿಟ್ಟರು. ನಾಲ್ಕು ಒಲಿಂಪಿಕ್ಸ್ ಆಡಿದ ಮನುಷ್ಯ! ಆಮೇಲೆ ಇವರನ್ನು ಮತ್ತೆ ಕರೆದರು. ಇವರು ಹೋದರು, 36ನೇ ವಯಸ್ಸಿನಲ್ಲಿ ಫೈನಲ್ ಆಡಿದರು. ನಾನಾಗಿದ್ದರೆ ಮುಖ ಊದಿಸಿಕೊಂಡು ಮನೆಯಲ್ಲೇ ಕೂರುತ್ತಿದ್ದೆ. ನನಗೆ ಆ ಎರಡು ಚಿನ್ನಕ್ಕಿಂತ ಈ ಬೆಳ್ಳಿಯೇ ದೊಡ್ಡದು.

ಮರುವರ್ಷ ಹಾಕಿ ಇಂಡಿಯಾ ಲೀಗ್‌ಗೂ ಬಂದರು, ಉತ್ತರ ಪ್ರದೇಶ ವಿಝಾರ್ಡ್ಸ್ ತಂಡಕ್ಕೆ. ನಮ್ಮ ಕೊಡಗಿನ ರಘುನಾಥ್ ಅವರೂ ಅದೇ ತಂಡ.

ಮಿಡ್‌ಫೀಲ್ಡ್ ಮರಿ:
ಥ್ಯಾಂಕ್ಸ್ ಅಂಕಲ್. ಅದೃಷ್ಟ ಅಂದದ್ದು ವಾಪಸ್ ತಗೊಂಡೆ. ನಿನ್ನೆ ರಾತ್ರಿ ಕೂತು ಡಿಫೆಂಡರ್ ಕಾಲು ಮಾತ್ರ ನೋಡಿದೆ. ನಿಜ, ಮೊದಲು ಅವನ ಕಾಲು ಹೋಗುತ್ತದೆ, ಚೆಂಡು ಆಮೇಲೆ. ಇವತ್ತು ಬೆಳಗ್ಗೆ ಆರು ಸಲ ಪ್ರಯತ್ನಿಸಿದೆ. ಐದು ಸಲ ಚೆಂಡು ಕಳೆದುಕೊಂಡೆ. ಆರನೇ ಸಲ ದಾಟಿಬಿಟ್ಟೆ, ಆದರೆ ಸ್ಟಿಕ್ ಹಿಂಭಾಗಕ್ಕೆ ಚೆಂಡು ತಾಗಿತು ಅಂತ ವಿಸಿಲ್ ಊದಿದರು.

ಹಳೇ ಸ್ಟಿಕ್:
ದಾಟಿದೆಯಲ್ಲ! ಮಗುಚುವಾಗ ಎಡಗೈ ಮಾತ್ರ ತಿರುಗಲಿ, ಬಲಗೈ ಸಡಿಲ ಬಿಡು. ಮತ್ತೆ ಮಣಿಕಟ್ಟಿಗೆ ಬ್ಯಾಂಡ್ ಹಾಕ್ಕೋ ತಾಯಿ.